ಕರೆಂಟ್ ಹೋಗಿದ್ದು ಮನೆಗೇ ಗೊತ್ತಾಗಲಿಲ್ಲ

ಮೇ ತಿಂಗಳ ಮಳೆಗೆ ಸಂಜೆ ಆರೂವರೆಗೆ ಕರೆಂಟ್ ಹೋಯಿತು. ಮನೆಯಲ್ಲಿ ಯಾರೂ ಇರಲಿಲ್ಲ. ಮನೆಯ ದೀಪ, ಉಪಕರಣಗಳನ್ನು ತಾನಾಗಿ ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಓಡುತ್ತಿದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ರೌಟರ್ ಎರಡೂ ಇನ್ವರ್ಟರ್ ಲೈನಿನಲ್ಲಿದ್ದವು. ಹೋಮ್ ಅಸಿಸ್ಟೆಂಟ್ ಪಾಲಿಗೆ ಏನೂ ಆಗಿಯೇ ಇರಲಿಲ್ಲ. ಏಳಕ್ಕೆ ಎಂದಿನಂತೆ ಹೊರಗಿನ ದೀಪಗಳನ್ನೂ ಹಾಕಿತು. ನಡುರಾತ್ರಿ ಹೊತ್ತಿಗೆ ಹಳೆಯ ಬ್ಯಾಟರಿ ಖಾಲಿಯಾಗಿ ಎಲ್ಲ ಒಟ್ಟಿಗೆ ಆರಿತು. ಫೋನಿಗೆ ಒಂದು ಸಂದೇಶವೂ ಬಂದಿರಲಿಲ್ಲ. ಮಾರನೆಯ ದಿನ ಪೈ ಬೂಟ್ ಆಗಲಿಲ್ಲ, ಎಸ್‌ಡಿ ಕಾರ್ಡ್ ಕೆಟ್ಟಿತ್ತು.

ಇನ್ವರ್ಟರ್ ಮೇಲೆ ಕೂತವನಿಗೆ ಕರೆಂಟ್ ಹೋದದ್ದು ಕಾಣುವುದಿಲ್ಲ. ನೋಡುವ ಕಣ್ಣು ಇನ್ವರ್ಟರ್ ಇಲ್ಲದ ಹೊರಗಿನ ಲೈನಿನಲ್ಲೇ ಇರಬೇಕು. ಆ ಲೈನಿಗೆ ಒಂದು ಸ್ಮಾರ್ಟ್ ಪ್ಲಗ್ ಹಾಕಿ, ಅದು ವೈಫೈನಲ್ಲಿ ಕಾಣೆಯಾದರೆ ಕರೆಂಟ್ ಇಲ್ಲ ಎಂದುಕೊಳ್ಳುವುದು ಸುಲಭದ ದಾರಿ. ಆದರೆ ವೈಫೈ ತಡವರಿಸಿದರೂ ಪ್ಲಗ್ ಕಾಣೆಯಾಗುತ್ತದೆ. ನಾಲ್ಕು ಸಲ ಸುಳ್ಳು ಎಚ್ಚರಿಕೆ ಬಂದರೆ ಐದನೆಯದನ್ನು ಯಾರೂ ನೋಡುವುದಿಲ್ಲ.

ತಂತಿಯಲ್ಲೇ ಮಾಡುವುದು ಮೇಲು. ಇಎಸ್‌ಪಿ 32 ಎಂಬ ವೈಫೈ ಇರುವ ಪುಟ್ಟ ಬೋರ್ಡಿಗೆ ಇನ್ವರ್ಟರ್ ಲೈನಿನಿಂದ ಪವರ್ ಕೊಡಿ. ಎಲೆಕ್ಟ್ರೀಷಿಯನ್‌ಗಳು ಕೆಇಬಿ ಲೈನ್ ಅನ್ನುತ್ತಾರಲ್ಲ, ಇನ್ವರ್ಟರ್ ಇಲ್ಲದ ಆ ಸಾಕೆಟ್‌ಗೆ 5 ವೋಲ್ಟ್‌ನ ಹಳೆಯ ಯುಎಸ್‌ಬಿ-ಎ ಚಾರ್ಜರ್ ಹಾಕಿ. ಅದರ ಕೇಬಲ್ ಕತ್ತರಿಸಿ, ಕೆಂಪು ತಂತಿಯನ್ನು 1 ಕಿಲೋಓಮ್ ರೆಸಿಸ್ಟರ್ ಮೂಲಕ ಪಿಸಿ 817 ಆಪ್ಟೋಕಪ್ಲರ್‌ನ (ಎರಡು ಕಡೆಯ ತಂತಿಗಳು ತಾಗದಂತೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ) 1ನೇ ಕಾಲಿಗೆ, ಕಪ್ಪನ್ನು 2ನೇ ಕಾಲಿಗೆ ಕೊಡಿ. 3ನೇ ಕಾಲು ಬೋರ್ಡಿನ ಗ್ರೌಂಡ್‌ಗೆ, 4ನೆಯದು ಬೋರ್ಡಿನ ಜಿಪಿಐಒ 27 ಎಂಬ ಪಿನ್ನಿಗೆ. ಈ ಬೋರ್ಡಿಗೆ ಪ್ರೋಗ್ರಾಂ ಹಾಕುವ ಇಎಸ್‌ಪಿಹೋಮ್‌ನಲ್ಲಿ ಆ ಪಿನ್ನಿಗೆ ಪುಲ್-ಅಪ್ (ಬೇರೆ ಸಂಕೇತ ಇಲ್ಲದಾಗ ಪಿನ್ನನ್ನು ಮೇಲೆ ಹಿಡಿದಿಡುವ ರೆಸಿಸ್ಟರ್) ಹಾಕಿ, ಕರೆಂಟ್ ಇದ್ದಾಗ ಪಿನ್ ಕೆಳಗಿಳಿಯುವುದರಿಂದ ಇನ್‌ವರ್ಟೆಡ್ ಎಂದು ಬರೆಯಿರಿ. 34ರಿಂದ 39ರವರೆಗಿನ ಪಿನ್‌ಗಳಿಗೆ ಒಳಗಿನ ಪುಲ್-ಅಪ್ ಇಲ್ಲ; ಇದನ್ನು ಅಲ್ಲಿಗೆ ಜೋಡಿಸಿದರೆ ಕರೆಂಟ್ ಹೋದಾಗ ಪಿನ್ ಒಮ್ಮೆ ಇದೆ, ಒಮ್ಮೆ ಇಲ್ಲ ಅನ್ನುತ್ತಿರುತ್ತದೆ. 230 ವೋಲ್ಟ್ ತಂತಿಯನ್ನು ಬೋರ್ಡಿನ ಹತ್ತಿರವೂ ತರಬೇಡಿ.

ಕರೆಂಟ್ ಹೋಗಿದೆ ಅನ್ನಲು 5 ಸೆಕೆಂಡ್ ಕಾಯಿಸಿ. ಬಂದಿದೆ ಅನ್ನಲು ಎರಡು ನಿಮಿಷ ಕಾಯಿಸಿ, ಮಳೆಗಾಲದಲ್ಲಿ ಬಂದ ಕರೆಂಟ್ ಮರುಕ್ಷಣವೇ ಹೋಗುವುದು ಸಾಮಾನ್ಯ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡವರಿಗೆ ಲೋ ವೋಲ್ಟೇಜ್ ಪಾಠ ಕಲಿಸುತ್ತದೆ. ಯುಪಿಎಸ್ ಮೋಡ್‌ನಲ್ಲಿರುವ (ಅಂದರೆ ಬೇಗನೆ ಬ್ಯಾಟರಿಗೆ ಬದಲಾಗುವ) ಇನ್ವರ್ಟರ್ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಗೆ ಹೋಗುತ್ತದೆ. ಫೋನ್ ಚಾರ್ಜರ್ 100 ವೋಲ್ಟ್‌ಗೂ ಕೆಲಸ ಮಾಡುತ್ತದೆ. ಅಂದರೆ 150 ವೋಲ್ಟ್ ಇರುವ ಸಂಜೆ ಬ್ಯಾಟರಿ ಕರಗುತ್ತಿದ್ದರೂ ಸೆನ್ಸರ್ ಎಲ್ಲ ಸರಿಯಿದೆ ಅನ್ನುತ್ತದೆ. ಮೂರು ಫೇಸ್‌ನ ಮನೆಯಲ್ಲಿ ಇನ್ನೊಂದು ಪೇಚು: ಇನ್ವರ್ಟರ್‌ಗೆ ಬರುವ ಫೇಸ್ ಹೋಗಿ, ಚಾರ್ಜರ್ ಇರುವ ಫೇಸ್ ಉಳಿದಿರಬಹುದು. ಚಾರ್ಜರ್ ಇನ್ವರ್ಟರ್‌ನ ಫೇಸ್‌ನಲ್ಲೇ ಇರಲಿ.

ಆದ್ದರಿಂದ ಬ್ಯಾಟರಿಯನ್ನೂ ಅಳೆಯಬೇಕು. 12 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ 100 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 15 ಕಿಲೋಓಮ್; ಎರಡರ ನಡುವಿನಿಂದ ಜಿಪಿಐಒ 34ಕ್ಕೆ ತಂತಿ (ಇಲ್ಲಿ ಪುಲ್-ಅಪ್ ಬೇಕಿಲ್ಲ). ಚಾರ್ಜ್ ಆಗುವಾಗ 14.4 ವೋಲ್ಟ್ ಇದ್ದರೂ ಪಿನ್ನಿಗೆ 1.9 ವೋಲ್ಟ್ ಅಷ್ಟೇ ಬರುತ್ತದೆ. ಬ್ಯಾಟರಿಯ ಮೈನಸ್ಸನ್ನು ಬೋರ್ಡಿನ ಗ್ರೌಂಡ್‌ಗೆ ಸೇರಿಸಿ. ಪ್ಲಸ್ ಟರ್ಮಿನಲ್‌ಗೆ ತಾಗಿಕೊಂಡೇ ಒಂದು ಸಣ್ಣ ಫ್ಯೂಸ್ ಹಾಕಿ, ಇದರಲ್ಲಿ ಆಲಸ್ಯ ಬೇಡ. ಆ ತಂತಿ ಶಾರ್ಟ್ ಆದರೆ ಇನ್ವರ್ಟರ್ ಬ್ಯಾಟರಿ ಅದನ್ನು ಕಣ್ಣೆದುರೇ ಕೆಂಪಗೆ ಕಾಯಿಸುತ್ತದೆ. ವೋಲ್ಟೇಜ್ 12.6ರ ಕೆಳಗೆ ನಿಂತರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದೇ ಅರ್ಥ, ಯುಎಸ್‌ಬಿ ಚಾರ್ಜರ್ ಏನೇ ಹೇಳಲಿ.

11.6 ವೋಲ್ಟ್‌ಗಿಂತ ಕೆಳಗೆ ಎರಡು ನಿಮಿಷ ನಿಂತರೆ ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿಸಿ. ಕಾರ್ಡ್ ಉಳಿಯುತ್ತದೆ. ಆದರೆ ಬ್ಯಾಟರಿ ಪೂರ್ತಿ ಮುಗಿಯುವ ಮೊದಲೇ ಕರೆಂಟ್ ಬಂದರೆ ಪೈಗೆ ಪವರ್ ತಪ್ಪಿರುವುದೇ ಇಲ್ಲ, ಹಾಗಾಗಿ ಅದು ತಾನಾಗಿ ಏಳುವುದೂ ಇಲ್ಲ. ಶಟ್‌ಡೌನ್ ಆಗಿದ್ದರೆ, ಕರೆಂಟ್ ಬಂದ ಮೇಲೆ ಇಎಸ್‌ಪಿಯೇ ಒಂದು ರಿಲೇ (ಬೋರ್ಡ್ ನಡೆಸುವ ಸ್ವಿಚ್) ಮೂಲಕ ಪೈನ ಪವರ್ ಅನ್ನು 10 ಸೆಕೆಂಡ್ ಕಡಿದು ಕೊಡುವಂತೆ ಮಾಡಿ.

ಜೋಡಿಸಿದ ಮೇಲೆ ಮೇನ್ ಎಂಸಿಬಿ ಇಳಿಸಿ ರೌಟರ್‌ನ ದೀಪಗಳನ್ನು ನೋಡುತ್ತಾ ನಿಲ್ಲಿ. ಅವು ಒಮ್ಮೆ ಆರಿ ಹತ್ತಿದರೆ ಇನ್ವರ್ಟರ್ ಬದಲಾಗುವಷ್ಟರಲ್ಲಿ ರೌಟರ್ ರೀಸ್ಟಾರ್ಟ್ ಆಗಿದೆ, ಆ ಕ್ಷಣದ ಸಂದೇಶ ಹೊರಗೆ ಹೋಗಿರುವುದಿಲ್ಲ. ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ರೌಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಬೇಕು. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ.