ಸ್ವಿಫ್ಟ್‌ನಲ್ಲಿ ಇನಿಟ್: ಸ್ಟ್ರಕ್ಟ್‌ಗೆ ಸಿಗುವುದು ಕ್ಲಾಸ್‌ಗೆ ಯಾಕೆ ಸಿಗುವುದಿಲ್ಲ?

ಇನ್‌ಸ್ಟನ್ಸ್ (ಸ್ಟ್ರಕ್ಟ್ ಅಥವಾ ಕ್ಲಾಸ್ ಎಂಬ ಅಚ್ಚಿನಿಂದ ಮಾಡಿದ ಒಂದು ಪ್ರತಿ) ಕೈಗೆ ಸಿಗುವ ಮೊದಲು ಅದರ ಪ್ರತಿ ಸ್ಟೋರ್ಡ್ ಪ್ರಾಪರ್ಟಿಗೂ (ಅದರೊಳಗೆ ಇಡುವ ಮಾಹಿತಿ) ವ್ಯಾಲ್ಯೂ ಇರಲೇಬೇಕು. ಈ ವಿಷಯದಲ್ಲಿ ಸ್ವಿಫ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ರಾಜಿಯಾಗುವುದಿಲ್ಲ. ಆ ವ್ಯಾಲ್ಯೂ ತುಂಬುವ ಇನಿಷಿಯಲೈಸರ್ (ಇನಿಟ್) ಬರೆಯುವಾಗ ಹೊಸಬರಿಗೆ ಎದುರಾಗುವ ಎರರ್‌ಗಳು ಹೆಚ್ಚುಕಡಿಮೆ ಈ ನಿಯಮದಿಂದಲೇ ಹುಟ್ಟುತ್ತವೆ.

ಟಿಕೆಟ್ ಎಂಬ ಸ್ಟ್ರಕ್ಟ್ ತೆಗೆದುಕೊಳ್ಳಿ. ಎಲ್ಲಿಂದ, ಎಲ್ಲಿಗೆ ಎರಡೂ ಸ್ಟ್ರಿಂಗ್ (ಪಠ್ಯ), ದರ ಇಂಟ್ (ಪೂರ್ಣಾಂಕ). ಮೂರನ್ನೂ ವಾರ್ (ಬದಲಿಸಬಹುದಾದದ್ದು) ಎಂದು ಡಿಕ್ಲೇರ್ ಮಾಡಿ ಬಿಟ್ಟರೆ ಸಾಕು, ಹೀಗೆ ಬರೆಯಬಹುದು:

ಟಿಕೆಟ್(ಎಲ್ಲಿಂದ: "ಹಾಸನ", ಎಲ್ಲಿಗೆ: "ಮಂಗಳೂರು", ದರ: 250)

ಇದು ಮೆಂಬರ್‌ವೈಸ್ ಇನಿಷಿಯಲೈಸರ್, ಕಂಪೈಲರೇ ಒದಗಿಸುತ್ತದೆ. ಡಿಕ್ಲೇರ್ ಮಾಡಿದ ಕ್ರಮದಲ್ಲೇ ಆರ್ಗ್ಯುಮೆಂಟ್ ಕೊಡಬೇಕು. ದರಕ್ಕೆ ಮೊದಲೇ 0 ಕೊಟ್ಟಿದ್ದರೆ, ಸ್ವಿಫ್ಟ್ 5.1ರಿಂದೀಚೆಗೆ ಅದನ್ನು ಬಿಟ್ಟೂ ಕರೆಯಬಹುದು. ಅದೇ ದರವನ್ನು ಲೆಟ್ (ಬದಲಿಸಲಾಗದ್ದು) ಮಾಡಿ 0 ಕೊಟ್ಟರೆ ಆ ಪ್ಯಾರಾಮೀಟರೇ ಮಾಯ.

ಈಗ ಸ್ಟ್ರಕ್ಟ್ ಅಳಿಸಿ ಕ್ಲಾಸ್ ಎಂದು ಬರೆಯಿರಿ. ಇನಿಷಿಯಲೈಸರ್ ಇಲ್ಲ ಎಂದು ಕಂಪೈಲರ್ ತಕ್ಷಣ ತಕರಾರು ತೆಗೆಯುತ್ತದೆ. ಕ್ಲಾಸ್‌ಗೆ ಮೆಂಬರ್‌ವೈಸ್ ಸೌಲಭ್ಯವಿಲ್ಲ. ಹಲವರು ಇಲ್ಲಿ ಪ್ರತಿ ಟೈಪ್ ಹೆಸರಿನ ಕೊನೆಗೂ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಾರಾಗುತ್ತಾರೆ. ಆಪ್ಷನಲ್ (ಹೀಗೆ ಚಿಹ್ನೆ ಹಾಕಿದ, ಖಾಲಿ ಇರಬಹುದಾದ) ವಾರ್‌ಗೆ ನಿಲ್ (ಖಾಲಿ) ತಾನಾಗಿಯೇ ಬರುವುದರಿಂದ ಎರರ್ ಹೋಗುತ್ತದೆ ನಿಜ, ಆದರೆ ಆಮೇಲೆ ದರ ಬಳಸುವ ಕಡೆಯೆಲ್ಲ ಅನ್‌ರ‍್ಯಾಪ್ (ಖಾಲಿಯಲ್ಲವೆಂದು ನೋಡಿ ವ್ಯಾಲ್ಯೂ ಹೊರತೆಗೆಯುವುದು) ಮಾಡುತ್ತ ಕೂರಬೇಕು. ದಯವಿಟ್ಟು ಹಾಗೆ ಮಾಡಬೇಡಿ. ದರವಿಲ್ಲದ ಟಿಕೆಟ್ ಇರಲಾರದು ಎಂದಾದರೆ ಇನಿಟ್ ಬರೆಯುವುದೇ ಸರಿ.

ಅದರೊಳಗೆ ಹೀಗೆ ಬರೆಯಿರಿ: ಸೆಲ್ಫ್.ದರ = ದರ. ಸೆಲ್ಫ್ ಎಂದರೆ ಆ ಇನ್‌ಸ್ಟನ್ಸ್, ಬಲಗಡೆಯದು ಇನಿಟ್‌ಗೆ ಬಂದ ಪ್ಯಾರಾಮೀಟರ್. ಎಡಗಡೆಯ ಸೆಲ್ಫ್ ಮರೆತರೆ ಎರಡೂ ಕಡೆ ಪ್ಯಾರಾಮೀಟರೇ ಆಗುತ್ತದೆ. ಪ್ಯಾರಾಮೀಟರ್ ಎಂದರೆ ಲೆಟ್, ಬದಲಿಸಲು ಬರುವುದಿಲ್ಲ. ಎರರ್ ಅದನ್ನೇ ಹೇಳುತ್ತಿರುತ್ತದೆ.

ಸ್ಟ್ರಕ್ಟ್ ಒಳಗೆ ನಿಮ್ಮದೇ ಇನಿಟ್ ಬರೆದ ಕೂಡಲೇ ಉಚಿತವಾಗಿ ಸಿಕ್ಕಿದ್ದ ಮೆಂಬರ್‌ವೈಸ್ ಇನಿಷಿಯಲೈಸರ್ ಹೋಗುತ್ತದೆ. ಎರಡೂ ಬೇಕಿದ್ದರೆ ನಿಮ್ಮದನ್ನು ಸ್ಟ್ರಕ್ಟ್‌ನ ಹೊರಗೆ ಬರೆಯುವ ಎಕ್ಸ್‌ಟೆನ್ಶನ್‌ನಲ್ಲಿಡಿ.

ಹೆಚ್ಚು ಗೊಂದಲವಾಗುವುದು ಇನ್ನೊಂದು ಕ್ಲಾಸ್‌ನಿಂದ ಬೆಳೆಸಿದ ಸಬ್‌ಕ್ಲಾಸ್‌ನಲ್ಲಿ. ಟಿಕೆಟ್ ಕ್ಲಾಸ್‌ನಿಂದ ಸ್ಲೀಪರ್ ಟಿಕೆಟ್ ಮಾಡಿ ಬರ್ತ್ ಎಂಬ ಪ್ರಾಪರ್ಟಿ ಸೇರಿಸಿದ್ದೀರಿ ಎನ್ನಿ. ಮೊದಲು ಬರ್ತ್‌ಗೆ ವ್ಯಾಲ್ಯೂ ಕೊಡಿ, ಆಮೇಲೆ ಸೂಪರ್ ಇನಿಟ್ (ಮೂಲ ಕ್ಲಾಸ್‌ನ ಇನಿಟ್) ಕರೆಯಿರಿ. ದರಕ್ಕೆ ಸ್ಲೀಪರ್ ಶುಲ್ಕ ಕೂಡಿಸುವುದಿದ್ದರೆ ಅದಾದ ಮೇಲೆಯೇ. ಈ ಕ್ರಮ ತಿರುಗುಮುರುಗಾಗಿ ಕಂಡರೂ ಕಾರಣ ಗಟ್ಟಿಯಾಗಿದೆ: ಸೂಪರ್‌ಕ್ಲಾಸ್‌ನ ಇನಿಟ್ ಯಾವುದೋ ಮೆಥಡ್ ಕರೆಯಬಹುದು, ಅದನ್ನು ನೀವು ಸಬ್‌ಕ್ಲಾಸ್‌ನಲ್ಲಿ ಓವರ್‌ರೈಡ್ (ನಿಮ್ಮದೇ ರೀತಿ ಮತ್ತೆ ಬರೆಯುವುದು) ಮಾಡಿ ಬರ್ತ್ ಓದುತ್ತಿರಬಹುದು. ಆ ಹೊತ್ತಿಗೆ ಬರ್ತ್ ಖಾಲಿ ಇರುವಂತಿಲ್ಲ.