ಕೋಟಿ ಆಟ ಕೊಂಡ ಕೋಚ್‌ನ ಲೆಕ್ಕ

ಚೆಸ್ ಕಲಿಸುವುದು ನನ್ನ ಕೆಲಸ. ಪಾಲಕರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಎರಡನೇ ಸ್ಥಾನ ಇದಕ್ಕೆ: "ಸರ್, ಆ ಡೇಟಾಬೇಸ್ ಸಾಫ್ಟ್‌ವೇರ್ ತಗೊಳ್ಳೋದಾ?" ಮೊದಲನೆಯದು "ಇವನು ಗ್ರ್ಯಾಂಡ್‌ಮಾಸ್ಟರ್ ಆಗ್ತಾನಾ?" ಎನ್ನುವುದು, ಅದಕ್ಕೆ ನಾನು ನಕ್ಕು ಸುಮ್ಮನಾಗುತ್ತೇನೆ. ಡೇಟಾಬೇಸ್, ಅಂದರೆ ಹಿಂದೆ ಆಡಿದ ಆಟಗಳನ್ನು ಕೂಡಿಟ್ಟ ಸಂಗ್ರಹ, ಅದರ ವಿಷಯಕ್ಕೆ ಮಾತ್ರ ಉತ್ತರ ಇದೆ. ಕೈ ಸುಟ್ಟುಕೊಂಡು ಕಲಿತ ಉತ್ತರ.

ನಾನು ಅದನ್ನು ಕೊಂಡಿದ್ದು ಒಂದು ಸೋಲಿನ ಸಿಟ್ಟಿನಲ್ಲಿ. ಟೂರ್ನಮೆಂಟ್‌ನ ಕೊನೆಯ ಸುತ್ತು, ನನ್ನ ಶಿಷ್ಯನಿಗೆ ಕಪ್ಪು ಕಾಯಿ. ಪೇರಿಂಗ್ (ಯಾರ ಎದುರು ಯಾರು ಎನ್ನುವ ಪಟ್ಟಿ) ಹಿಂದಿನ ರಾತ್ರಿಯೇ ಬಂದಿತ್ತು. ನನ್ನ ಹತ್ತಿರ ಆಗ ಇದ್ದದ್ದು ಪುಕ್ಕಟೆ ಸಂಗ್ರಹ: ಮಾರ್ಕ್ ಕ್ರೌದರ್ 1994ರಿಂದ ನಡೆಸಿಕೊಂಡು ಬಂದಿರುವ 'ದಿ ವೀಕ್ ಇನ್ ಚೆಸ್'ನ ವಾರವಾರದ ಆಟಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ದೊಡ್ಡ ಪಿಜಿಎನ್ (ನಡೆಗಳನ್ನು ಬರೆದಿಡುವ ಸಾಮಾನ್ಯ ರೂಪ) ಫೈಲು. ಅದನ್ನು ಸ್ಕಿಡ್ ಎಂಬ ಡೇಟಾಬೇಸ್ ಪ್ರೋಗ್ರಾಮಿನಲ್ಲಿ ತೆರೆದು ಎದುರಾಳಿಯ ಹೆಸರು ಹಾಕಿದೆ. ಬಿಳಿಯಲ್ಲಿ ಆಡಿದ ಮೂವತ್ತಕ್ಕೂ ಹೆಚ್ಚು ಆಟ ಸಿಕ್ಕವು, ಹೆಚ್ಚೂಕಮ್ಮಿ ಎಲ್ಲದರಲ್ಲೂ ಮೊದಲ ನಡೆ ಇ4, ಅಂದರೆ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ. ಇಬ್ಬರೂ ಕೂತು ಅದಕ್ಕೆ ಕಪ್ಪು ಕೊಡುವ ಉತ್ತರವಾದ ಸಿಸಿಲಿಯನ್‌ನ ಒಂದೇ ಲೈನನ್ನು (ನಡೆಗಳ ಸರಣಿಯನ್ನು) ನಡುರಾತ್ರಿವರೆಗೆ ಅರೆದೆವು.

ಬೆಳಿಗ್ಗೆ ಆ ಮನುಷ್ಯ ಇ4 ಬಿಟ್ಟು ಡಿ4 ಆಡಿದ; ರಾತ್ರಿಯ ತಯಾರಿ ಕೆಲಸಕ್ಕೆ ಬರಲಿಲ್ಲ.

ನಮ್ಮ ಹುಡುಗ ಹತ್ತು ನಡೆಯೊಳಗೆ ಅರ್ಧ ಗಂಟೆ ಕಳೆದುಕೊಂಡ, ಮಧ್ಯಾಹ್ನದೊಳಗೆ ಆಟವನ್ನೂ ಕಳೆದುಕೊಂಡ. ಆಮೇಲೆ ನೋಡಿದರೆ, ಅಡ್ಡಹೆಸರೂ ಇನಿಷಿಯಲ್ಲೂ ಒಂದೇ ಆಗಿದ್ದ ಇಬ್ಬರು ಆಟಗಾರರು ನನ್ನ ಫೈಲಿನಲ್ಲಿ ಒಂದಾಗಿ ಕೂತಿದ್ದರು. ನಾವು ಓದಿದ್ದು ಇನ್ನೊಬ್ಬನ ಆಟಗಳನ್ನು. ಇಸವಿ, ರೇಟಿಂಗ್ (ಆಟಗಾರನ ಬಲ ಅಳೆಯುವ ಅಂಕ), ಫಿಡೆ ಐಡಿ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯ ಗುರುತಿನ ಸಂಖ್ಯೆ), ಈ ಮೂರರಲ್ಲಿ ಒಂದನ್ನು ಕಣ್ಣೆತ್ತಿ ನೋಡಿದ್ದರೂ ಗೊತ್ತಾಗುತ್ತಿತ್ತು. ನೋಡಲಿಲ್ಲ. ಆದರೆ ತಪ್ಪು ನನ್ನದು ಅಂತ ಒಪ್ಪಿಕೊಳ್ಳುವುದಕ್ಕಿಂತ ಉಪಕರಣದ ಮೇಲೆ ಹೊರಿಸುವುದು ಸುಲಭ. ಅದೇ ವಾರ ಚೆಸ್‌ಬೇಸ್ ಪ್ರೋಗ್ರಾಮನ್ನೂ ಮೆಗಾ ಡೇಟಾಬೇಸನ್ನೂ ಜೊತೆಯಾಗಿ ಕೊಂಡೆ.

ಇಲ್ಲೇ ಒಂದು ಮಾತು. ಪ್ರೋಗ್ರಾಮ್ ಬೇರೆ, ಆಟಗಳ ಸಂಗ್ರಹ ಬೇರೆ. ಕೇಳುವವರಲ್ಲಿ ಹೆಚ್ಚಿನವರಿಗೆ ಈ ವ್ಯತ್ಯಾಸವೇ ತಿಳಿದಿರುವುದಿಲ್ಲ. ಪ್ರೋಗ್ರಾಮ್ ಅಂದರೆ ಕಪಾಟು, ಸಂಗ್ರಹ ಅಂದರೆ ಪುಸ್ತಕಗಳು. ಕಪಾಟು ಒಂದು ಕಡೆ ಕೊಂಡು ಪುಸ್ತಕ ಇನ್ನೊಂದು ಕಡೆಯಿಂದ ತುಂಬಿಸಬಹುದು.

ಈ ಸಾಫ್ಟ್‌ವೇರ್ ಹುಟ್ಟಿದ ಕಾಲದ ಒಂದು ಕತೆ ನನಗೆ ಇಷ್ಟ. 1985ರಲ್ಲಿ ಚೆಸ್ ದಿಗ್ಗಜ ಗ್ಯಾರಿ ಕಾಸ್ಪರೋವ್ ಹ್ಯಾಂಬರ್ಗ್‌ನ ಎಂಟು ಜನ ಬಲಿಷ್ಠ ಆಟಗಾರರ ವಿರುದ್ಧ ಏಕಕಾಲಕ್ಕೆ ಆಡಿ 3.5-4.5ರಿಂದ ಸೋತರು. 1987ರಲ್ಲಿ ಮತ್ತೆ ಹೋದಾಗ ಆಗತಾನೇ ಬಂದಿದ್ದ ಚೆಸ್‌ಬೇಸ್‌ನಲ್ಲಿ ಎದುರಾಳಿಗಳ ಆಟಗಳನ್ನು ತಿರುವಿ ಹಾಕಿ ತಯಾರಾಗಿದ್ದರು, 7-1ರಿಂದ ಗೆದ್ದರು. ಸಾಫ್ಟ್‌ವೇರ್ ಮಾರಾಟಕ್ಕೆ ಇದಕ್ಕಿಂತ ಒಳ್ಳೆಯ ಕತೆ ಬೇಡ. ಆದರೆ ಅಲ್ಲಿ ಎದುರಾಳಿಗಳು ಯಾರೆಂದು ಮೊದಲೇ ಗೊತ್ತಿತ್ತು, ಅವರ ಆಟಗಳು ದಾಖಲಾಗಿದ್ದವು, ಕಂಪ್ಯೂಟರ್ ಮುಂದೆ ಕೂತಿದ್ದವರು ಕಾಸ್ಪರೋವ್. ಮೂರನೆಯದನ್ನು ಬಿಡಿ, ಮೊದಲಿನ ಎರಡಾದರೂ ನಿಮಗೆ ಇವೆಯೇ?

ಆ ಕಾಲಕ್ಕೂ ಈ ಕಾಲಕ್ಕೂ ಇನ್ನೊಂದು ವ್ಯತ್ಯಾಸ ಇದೆ. ಆಗ ಆಟಗಳು ಸಿಗುವುದೇ ಕಷ್ಟವಿತ್ತು. ಈಗ ಬರೀ ನಡೆಗಳಿಗೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಲಿಚೆಸ್ ಜಾಲತಾಣದ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ (ಆಟದ ಆರಂಭದ ನಡೆಗಳನ್ನು ಹುಡುಕುವ ಸಾಧನ) ಮಾಸ್ಟರ್‌ಗಳ ಲಕ್ಷಾಂತರ ಆಟ ಇವೆ. ಸ್ಕಿಡ್ ಉಚಿತ. ನಡೆಗಳನ್ನು ಲೆಕ್ಕ ಹಾಕಿ ತೂಗುವ ಎಂಜಿನ್ ಸ್ಟಾಕ್‌ಫಿಶ್ ಕೂಡ ಉಚಿತ, ಮತ್ತು ಅದಕ್ಕಿಂತ ಬಲವಾದ ಎಂಜಿನ್ ಬೇಕು ಅನ್ನುವವರನ್ನು ನಾನು ಇನ್ನೂ ನೋಡಿಲ್ಲ. ಏಳು ಕಾಯಿಗಳವರೆಗಿನ ಎಂಡ್‌ಗೇಮ್ (ಆಟದ ಕೊನೆಯ ಹಂತ) ಟೇಬಲ್‌ಬೇಸ್, ಅಂದರೆ ಖಚಿತ ಫಲಿತಾಂಶಗಳ ಕೋಷ್ಟಕ ಕೂಡ ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ಹಾಗಾದರೆ ದುಡ್ಡು ಕೊಡುವುದು ಯಾತಕ್ಕೆ?

ಮೊದಲ ಆರು ತಿಂಗಳು ನನಗೂ ಗೊತ್ತಿರಲಿಲ್ಲ. ಒಂದು ಕೋಟಿಗೂ ಹೆಚ್ಚು ಆಟಗಳಿರುವ ಸಂಗ್ರಹ ಇಟ್ಟುಕೊಂಡು ನಾನು ಮಾಡುತ್ತಿದ್ದದ್ದು ಓಪನಿಂಗ್ ಟ್ರೀ (ಆರಂಭದ ನಡೆಗಳ ಕವಲುಗಳು) ತೆರೆದು ಯಾವ ನಡೆಗೆ ಶೇಕಡಾ ಎಷ್ಟು ಅಂಕ ಬಂದಿದೆ ಅಂತ ನೋಡುವುದು. ಪುಕ್ಕಟೆ ಸಿಗುತ್ತಿದ್ದ ಕೆಲಸವನ್ನೇ ದುಡ್ಡು ಕೊಟ್ಟು ಮಾಡುತ್ತಿದ್ದೆ. ಅದರಲ್ಲೂ ಎಡವಿದೆ. ಒಂದು ನಡೆ ಬಿಳಿಗೆ ಶೇ. 64 ಅಂಕ ಕೊಡುತ್ತಿದೆ ಅಂತ ಇಬ್ಬರು ಮಕ್ಕಳಿಗೆ ಕಲಿಸಿಬಿಟ್ಟೆ. ಒಂದೊಂದೇ ಆಟ ತೆರೆದು ನೋಡಿದಾಗ ಬಿಳಿ ಆಡಿದವರು ಬಹುಪಾಲು ರೇಟಿಂಗ್‌ನಲ್ಲಿ ಎದುರಾಳಿಗಿಂತ ಇನ್ನೂರು ಪಾಯಿಂಟ್ ಮೇಲಿದ್ದವರು. ಅವರು ಏನು ಆಡಿದ್ದರೂ ಗೆಲ್ಲುತ್ತಿದ್ದರು. ಕಪ್ಪಿಗೆ ಸರಿಯಾದ ಉತ್ತರ ಸಿಕ್ಕಿದ್ದು ತೀರಾ ಇತ್ತೀಚಿನ ಕೆಲವೇ ಆಟಗಳಲ್ಲಿ. ಹಳೆಯ ನೂರಾರು ಗೆಲುವುಗಳ ಅಡಿಯಲ್ಲಿ ಅವು ಹೂತುಹೋಗಿದ್ದವು. ಶೇಕಡಾ ನೋಡುವ ಮೊದಲು ಸರಾಸರಿ ರೇಟಿಂಗ್ ನೋಡು, ಕಳೆದ ಮೂರು ವರ್ಷದ್ದನ್ನು ಬೇರೆ ಮಾಡಿ ನೋಡು ಅಂತ ಈಗ ಬೋರ್ಡಿನ ಮೇಲೇ ಬರೆದಿಟ್ಟಿದ್ದೇನೆ.

ದುಡ್ಡು ವಸೂಲಾಗಿದ್ದು ನಾನು ಎಣಿಸದ ಕಡೆಯಲ್ಲಿ: ಪಾಠ ತಯಾರಿಸುವಾಗ. ಒಂದು ದಿನ ಆನೆಯ ಎಂಡ್‌ಗೇಮ್ ಕಲಿಸಬೇಕಿತ್ತು. ಒಂದು ಕಡೆ ಆನೆ ಮತ್ತು ನಾಲ್ಕು ಪಾನ್ (ಕಾಲಾಳು), ಇನ್ನೊಂದು ಕಡೆ ಆನೆ ಮತ್ತು ಮೂರು ಪಾನ್, ಎಲ್ಲ ಪಾನ್‌ಗಳೂ ರಾಜನ ಕಡೆಯಲ್ಲೇ. ಸರಿಯಾಗಿ ಕಾಯ್ದರೆ ಸಾಮಾನ್ಯವಾಗಿ ಡ್ರಾ, ಆದರೆ ಆಡುವಾಗ ಎಷ್ಟೋ ಜನ ಸೋಲುತ್ತಾರೆ. ಕಾಯಿಗಳ ಲೆಕ್ಕ ಕೊಟ್ಟು ಹುಡುಕುವುದು ಸ್ಕಿಡ್‌ನಲ್ಲೂ ಆಗುತ್ತದೆ. ಅಲ್ಲಿ ನನ್ನ ಫೈಲಿನಿಂದ ಬಂದದ್ದು ರಾಶಿ ರಾಶಿ ಬರೀ ನಡೆಗಳು. ಕೊಂಡ ಸಂಗ್ರಹದಲ್ಲಿ 'ವ್ಯಾಖ್ಯಾನ ಇರುವ ಆಟಗಳು ಮಾತ್ರ' ಅಂತ ಸೋಸಿದೆ. ಗ್ರ್ಯಾಂಡ್‌ಮಾಸ್ಟರ್‌ಗಳು ತಾವೇ ಕೂತು ಬರೆದ ಟಿಪ್ಪಣಿಗಳು ಬಂದವು: ಆನೆಯನ್ನು ಯಾಕೆ ಆ ಸಾಲಿನಲ್ಲೇ ಇಡಬೇಕಿತ್ತು, ಅಂಚಿನ ಎಚ್ ಪಾನ್ ಯಾವಾಗ ಮುಂದೆ ಹೋಗಬೇಕಿತ್ತು, ಎಲ್ಲಿ ಅವರೇ ಹೆದರಿದರು. ಎಂಜಿನ್ 0.00, ಅಂದರೆ ಸಮಬಲ, ಅಂತ ತೋರಿಸಿ ಸುಮ್ಮನಾಗುತ್ತದೆ. ಹನ್ನೆರಡು ವರ್ಷದ ಹುಡುಗಿಗೆ 0.00 ನೋಡಿ ಏನು ಅರ್ಥವಾದೀತು? ಮೊದಲು ಇಡೀ ಭಾನುವಾರ ತಿನ್ನುತ್ತಿದ್ದ ತಯಾರಿ ಈಗ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಆ ಖರ್ಚು ದಂಡವಾಗಲಿಲ್ಲ. ಆದರೆ ಲಾಭವಾದದ್ದು ಕಲಿಸುವವನಿಗೆ, ಆಡುವವನಿಗಲ್ಲ. ಇದನ್ನು ಹೇಳಿದರೆ ಕೆಲವು ಪಾಲಕರಿಗೆ ಬೇಜಾರಾಗುತ್ತದೆ.

ಹೆಸರುಗಳ ಗೊಂದಲವೂ ಸಾಕಷ್ಟು ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಫಿಡೆ ಐಡಿ ನೋಡುವ ಕೆಲಸ ತಪ್ಪುವುದಿಲ್ಲ.

ಕೊಳ್ಳುವವರಿಗೆ ಗೊತ್ತಿರಬೇಕಾದ ಸಣ್ಣಪುಟ್ಟ ಸಂಗತಿಗಳಿವೆ. ಪ್ರೋಗ್ರಾಮ್ ವಿಂಡೋಸ್‌ಗೆ ಮಾಡಿದ್ದು; ಮ್ಯಾಕ್ ಇರುವ ಮನೆಯವರು ಕೊಂಡ ಮೇಲೆ ನನಗೆ ಫೋನ್ ಮಾಡಿದ್ದುಂಟು. ಸಂಗ್ರಹದ ಹೊಸ ಆವೃತ್ತಿ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಕೊಳ್ಳಬೇಕಿಲ್ಲ. ಹಳೆಯದಕ್ಕೆ ವಾರವಾರದ ಉಚಿತ ಆಟಗಳನ್ನು ಸೇರಿಸುತ್ತಾ ಹೋಗಿ ನಾನು ವರ್ಷಗಟ್ಟಲೆ ಒಂದೇ ಆವೃತ್ತಿಯಲ್ಲಿ ದಾಟಿಸಿದ್ದೇನೆ. ಇನ್ನು ಫೈಲುಗಳು. ಇದರ ಒಂದು ಡೇಟಾಬೇಸ್ ಅಂದರೆ ಒಂದು ಫೈಲಲ್ಲ, ಒಂದು ಗುಂಪು. ಸಿಬಿಎಚ್‌ನಲ್ಲಿ ಹೆಸರು-ದಿನಾಂಕದಂಥ ವಿವರಗಳ ಪಟ್ಟಿ, ಸಿಬಿಜಿಯಲ್ಲಿ ನಡೆಗಳು, ಸಿಬಿಎಯಲ್ಲಿ ಟಿಪ್ಪಣಿಗಳು. ನಾನು ಒಮ್ಮೆ ಸಿಬಿಎಚ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಟೂರ್ನಮೆಂಟ್‌ಗೆ ಹೋಗಿ ಬೆಪ್ಪಾದೆ. ಅಂದಿನಿಂದ ಶಿಷ್ಯರಿಗೆ ಸಂಬಂಧಿಸಿದ್ದೆಲ್ಲ ಪಿಜಿಎನ್‌ನಲ್ಲೂ ಒಂದು ಪ್ರತಿ ಇರುತ್ತದೆ. ಅದು ಬರೀ ಪಠ್ಯ, ಯಾವ ಪ್ರೋಗ್ರಾಮಿನಲ್ಲಾದರೂ ತೆರೆದುಕೊಳ್ಳುತ್ತದೆ.

ಈಗ ಯಾರಾದರೂ ಕೇಳಿದರೆ ನಾನು ರೇಟಿಂಗ್ ಎಷ್ಟು ಅಂತ ಕೇಳುವುದಿಲ್ಲ. ನಾಳೆಯ ಎದುರಾಳಿಯ ಹೆಸರು ಇವತ್ತೇ ಸಿಗುತ್ತದಾ, ಆ ಎದುರಾಳಿಯ ಆಟಗಳು ಯಾವ ಸಂಗ್ರಹದಲ್ಲಾದರೂ ಇವೆಯಾ ಅಂತ ಕೇಳುತ್ತೇನೆ. 1400ರ ಆಸುಪಾಸಿನ ಮಕ್ಕಳ ಎದುರಾಳಿಗಳ ಆಟ ಬಹುತೇಕ ಎಲ್ಲೂ ಇರುವುದಿಲ್ಲ. ಆ ಮಟ್ಟದಲ್ಲಿ ಆಟ ಸೋಲುವುದು ಹದಿನಾಲ್ಕನೇ ನಡೆಯ ಹೊಸ ಸಂಶೋಧನೆಯಿಂದಲ್ಲ, ಕುದುರೆಯನ್ನು ಸುಮ್ಮನೆ ಬಿಟ್ಟುಕೊಟ್ಟಿದ್ದರಿಂದ.

ಹೋದ ವಾರವೂ ಒಬ್ಬ ತಂದೆ ಇದೇ ಪ್ರಶ್ನೆ ಹಿಡಿದು ಬಂದಿದ್ದರು. "ಮೊದಲು ನಿಮ್ಮ ಮಗನ ಕಳೆದ ಮೂರು ಟೂರ್ನಮೆಂಟ್‌ಗಳ ಸ್ಕೋರ್‌ಶೀಟ್ ತನ್ನಿ" ಅಂದೆ. 27 ಆಟಗಳಲ್ಲಿ 11ರ ಹಾಳೆ ಸಿಕ್ಕವು, ಎರಡನ್ನು ಅವನಿಗೇ ಓದಲಾಗಲಿಲ್ಲ. ಉಳಿದ ಒಂಬತ್ತನ್ನು ಈಗ ಸ್ಕಿಡ್‌ನಲ್ಲಿ ಟೈಪ್ ಮಾಡುತ್ತಿದ್ದಾನೆ. ಐದನೇ ಆಟಕ್ಕೆ ಬಂದಾಗ ತಲೆ ಎತ್ತಿ, "ಸರ್, ಇದರಲ್ಲೂ ರಾಜನ ಪಕ್ಕದ ಅದೇ ಎಫ್7 ಮನೆ ಕಡೆನೇ ಹೊಡೆಸ್ಕೊಂಡಿದೀನಿ" ಅಂದ.