‘ಲೆಕ್ಕಕ್ಕೇ ಬರಲ್ಲ’ ಅಂದುಬಿಟ್ಟೆ

ಮಂಗಳವಾರ ರಾತ್ರಿ ಅಕ್ಕನ ಮಗಳು ಫೋನ್ ಮಾಡಿದ್ದಳು. ಆಸೆಪಟ್ಟ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಅಳೋದೆಲ್ಲ ಅತ್ತು ಮುಗಿಸಿಯೇ ಫೋನ್ ಹಚ್ಚಿದ್ದಾಳೆ ಅಂತ ದನಿಯಲ್ಲೇ ಗೊತ್ತಾಯಿತು.

"ಚಿಕ್ಕಮ್ಮ, ಸಮಾಧಾನ ಮಾಡ್ಬೇಡ, ನಿಜ ಹೇಳು. ಡಿಗ್ರಿ ಯಾವ ಕಾಲೇಜಲ್ಲಿ ಮಾಡಿದ್ವಿ ಅನ್ನೋದು ಮುಂದೆ ಲೆಕ್ಕಕ್ಕೆ ಬರುತ್ತಾ?"

"ಇಲ್ಲ ಪುಟ್ಟಿ, ಲೆಕ್ಕಕ್ಕೇ ಬರಲ್ಲ" ಅಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ.

ಅದೇ ದಿನ ಬೆಳಿಗ್ಗೆ ಆಫೀಸಿನಲ್ಲಿ ನಾನು ಮಾಡಿದ್ದ ಕೆಲಸ ಇದು. ನಮ್ಮ ತಂಡಕ್ಕೆ ಇಬ್ಬರು ಹೊಸಬರು ಬೇಕಿತ್ತು. ಬಂದ ಅರ್ಜಿ 143. ಎಲ್ಲವೂ ಒಂದು ಎಕ್ಸೆಲ್ ಶೀಟಿನಲ್ಲಿದ್ದವು. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ, "ಮೊದಲು ಕಾಲೇಜ್ ಕಾಲಮ್‌ಗೆ ಫಿಲ್ಟರ್ ಹಾಕಿ ಮೇಡಂ, ಇಲ್ಲಾಂದ್ರೆ ಸಂಜೆ ತನಕ ಓದ್ತಾ ಕೂರಬೇಕಾಗುತ್ತೆ" ಅಂದರು. ಹಾಕಿದೆ. ಹೆಸರು ಕೇಳಿದ್ದ ಏಳೆಂಟು ಕಾಲೇಜುಗಳಿಗೆ ಟಿಕ್ ಕೊಟ್ಟೆ. 143 ಇದ್ದದ್ದು 31 ಆಯಿತು. ಉಳಿದ 112 ಜನ ಏನು ಓದಿದ್ದಾರೆ, ಏನು ಮಾಡಿದ್ದಾರೆ, ಒಂದು ಸಾಲೂ ನೋಡಲಿಲ್ಲ. ಆಮೇಲೆ ಹೋಗಿ ಕಾಫಿ ಕುಡಿದೆ.

ಆ ಸಹೋದ್ಯೋಗಿ ಕೆಟ್ಟವರೇನಲ್ಲ. ತಂಡದಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಮೊದಲು ವಿಚಾರಿಸುವುದು ಅವರೇ. ಆದರೆ ಈ ಒಂದು ವಿಷಯದಲ್ಲಿ ಅವರು ಸೋಮಾರಿ. ನಾನೂ ಅಷ್ಟೇ. ಕಾಲೇಜಿನ ಪ್ರವೇಶ ಪರೀಕ್ಷೆ ಹೇಗೂ ಮಕ್ಕಳನ್ನು ಜರಡಿ ಹಿಡಿದಿದೆ, ನಾವ್ಯಾಕೆ ಇನ್ನೊಂದು ಸಲ ಹಿಡಿಯಬೇಕು ಅನ್ನುವ ಧೋರಣೆ. ಹದಿನೇಳು ಹದಿನೆಂಟನೇ ವಯಸ್ಸಿನಲ್ಲಿ ಒಂದು ದಿನ ಬರೆದ ಪರೀಕ್ಷೆ ಅದು. ಆಮೇಲಿನ ಮೂರು ನಾಲ್ಕು ವರ್ಷ ಆ ಹುಡುಗಿ ಏನು ಕಲಿತಳು ಅಂತ ಕೇಳುವವರೇ ಇಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. "ಲೆಕ್ಕಕ್ಕೇ ಬರಲ್ಲ" ಅಂದ ನನ್ನದೇ ದನಿ ಕಿವಿಯಲ್ಲಿತ್ತು. ಆ 'ಏ' ಬೇರೆ ಯಾಕೆ ಸೇರಿಸಿದೆನೋ.

ಬುಧವಾರ ಭಾವನ ಹತ್ತಿರ ಮಾತಾಡಿದೆ. ಅವರು ತಕ್ಷಣ ಹಾಲಿವುಡ್ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಹೆಸರು ತೆಗೆದರು. ಹೆಸರಾಂತ ಫಿಲ್ಮ್ ಸ್ಕೂಲಿನವರು ಅವರನ್ನು ಸೇರಿಸಿಕೊಳ್ಳಲಿಲ್ಲ, ಲಾಂಗ್ ಬೀಚ್‌ನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದರು, ಏನಾಯ್ತು ನೋಡು ಅಂದರು. ನಿಜವೇ. ಆದರೆ ಲಾಂಗ್ ಬೀಚ್‌ನಲ್ಲಿ ಸ್ಪೀಲ್‌ಬರ್ಗ್ ಜೊತೆ ಓದಿದ ಉಳಿದವರ ಹೆಸರು ನಮಗೆ ಗೊತ್ತಿಲ್ವಲ್ಲ. ಗೆದ್ದ ಒಬ್ಬರನ್ನು ತೋರಿಸಿ ಮಗುವಿನ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣಲಿಲ್ಲ.

ಸುಮ್ನೆ ಕೂರಲಾಗದೆ ಇದರ ಬಗ್ಗೆ ನಡೆದ ಅಧ್ಯಯನಗಳನ್ನು ಓದಿದೆ. ಅಮೆರಿಕದ ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. 1976ರಲ್ಲಿ ಕಾಲೇಜು ಸೇರಿದವರನ್ನು ತೆಗೆದುಕೊಂಡು, ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಥರದ ಉತ್ತರ ಪಡೆದವರನ್ನು ಮಾತ್ರ ಹೋಲಿಸಿದರು. ದೊಡ್ಡ ಹೆಸರಿನ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಮುಂದೆ ಸಂಪಾದನೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಓದಿ ಖುಷಿಯಾಯಿತು, ಇದನ್ನೇ ಪುಟ್ಟಿಗೆ ಕಳಿಸೋಣ ಅಂದುಕೊಂಡೆ. ಆದರೆ ಮುಂದಿನ ಮಾತು ಹಾಗಿರಲಿಲ್ಲ. ಬಡ ಮನೆಯ ಮಕ್ಕಳಿಗೆ ಮಾತ್ರ ಒಳ್ಳೆಯ ಕಾಲೇಜಿನಿಂದ ನಿಜವಾದ ಲಾಭ ಆಗಿತ್ತು. ಅಂದರೆ ಅಪ್ಪನ ಗೆಳೆಯರು, ಮಾವನ ಆಫೀಸು ಅಂತ ಬೇರೆ ಬಾಗಿಲು ಇಲ್ಲದವರಿಗೆ ಕಾಲೇಜೇ ಬಾಗಿಲು. "ಕಾಲೇಜು ಮುಖ್ಯ ಅಲ್ಲ" ಅಂತ ಹೇಳುವವರು ಹೆಚ್ಚಾಗಿ ಯಾರು ಅಂತ ಯೋಚಿಸಿ ನೋಡಿ, ಬೇರೆ ಬಾಗಿಲು ಇರುವವರೇ ಅಲ್ವಾ?

2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಮಾಡಿದ ಅಧ್ಯಯನವೂ ಸಿಕ್ಕಿತು. ಅಮೆರಿಕದ ಅತಿ ಹೆಸರಾಂತ 12 ಕಾಲೇಜುಗಳ ಲೆಕ್ಕ ಅದು. ಸರಾಸರಿ ಸಂಪಾದನೆಯಲ್ಲಿ ಅಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಪ್ರತಿಷ್ಠಿತ ಕಂಪನಿಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಸುಮಾರು ಮೂರು ಪಟ್ಟು ಜಾಸ್ತಿ. ಮೂರು ಪಟ್ಟು! ಅದು ಪಾಠ ಚೆನ್ನಾಗಿದ್ದುದರಿಂದಲೇ ಆಗಿರುತ್ತೆ ಅಂತ ಮಂಗಳವಾರದ ಆ ಶೀಟಿನ ಮುಂದೆ ಕೂತಿದ್ದ ನನಗೆ ನಂಬೋಕಾಗಲಿಲ್ಲ. ಇನ್ನೊಂದು ನಾರ್ವೆಯದು, 2016ರದು. ಯಾವ ಕಾಲೇಜು ಅನ್ನುವುದಕ್ಕಿಂತ ಯಾವ ವಿಷಯ ಓದಿದರು ಅನ್ನುವುದೇ ಸಂಪಾದನೆಯನ್ನು ಜಾಸ್ತಿ ಬದಲಿಸುತ್ತದೆ ಅಂತ ಅದರಲ್ಲಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಹೆಸರಿಗೋಸ್ಕರ ಇಷ್ಟವಿಲ್ಲದ ವಿಷಯ ತೆಗೆದುಕೊಂಡವರು ಇಬ್ಬರಿದ್ದಾರೆ. ಆಗ ಯಾರೂ ಅವರಿಗೆ ಬೇಡ ಅನ್ನಲಿಲ್ಲ.

ಗುರುವಾರ ನಾನೇ ಫೋನ್ ಮಾಡಿದೆ. ಮೊನ್ನೆ ನಾನು ಹೇಳಿದ್ದು ಸುಳ್ಳು ಪುಟ್ಟಿ, ಲೆಕ್ಕಕ್ಕೆ ಬರುತ್ತೆ ಅಂದೆ. ಮೊದಲನೇ ಕೆಲಸಕ್ಕೆ ತುಂಬ ಬರುತ್ತೆ, ನಾಲ್ಕೈದು ವರ್ಷ ಕೆಲಸ ಮಾಡಿದ ಮೇಲೆ ಕಮ್ಮಿಯಾಗುತ್ತೆ, ನಮ್ಮಲ್ಲಿ ಅನುಭವ ಇರುವವರನ್ನು ತೆಗೆದುಕೊಳ್ಳುವಾಗ ಆ ಕಾಲಮ್ಮೇ ಇರಲ್ಲ. ಎಲ್ಲ ಹೇಳಿದೆ. ಫಿಲ್ಟರ್ ವಿಷಯವನ್ನೂ ಹೇಳಿದೆ.

ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಾನು ಆ 112ರಲ್ಲಿ ಇರ್ತೀನಾ ಚಿಕ್ಕಮ್ಮ?" ಅಂದಳು.

ಕೋಪ ಇರಲಿಲ್ಲ ಆ ದನಿಯಲ್ಲಿ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳುವ ಹಾಗೆ ಕೇಳಿದಳು. "ಕೆಲವು ಕಡೆ ಇರ್ತೀಯ" ಅಂದೆ. ಅಷ್ಟು ಹೇಳುವುದಕ್ಕೆ ನನಗೆ ಬಹಳ ಕಷ್ಟವಾಯಿತು.

ಶುಕ್ರವಾರ ಫಿಲ್ಟರ್ ತೆಗೆದು ಆ 112 ಅರ್ಜಿಗಳನ್ನೂ ಓದಿದೆ. ಸಹೋದ್ಯೋಗಿ ಹೇಳಿದ ಹಾಗೆ ಸಂಜೆಯೇ ಆಯಿತು. ಬಹಳಷ್ಟು ಅರ್ಜಿ ಸಾಧಾರಣ, ಅದನ್ನೂ ಹೇಳಬೇಕು. ಮೊದಲು ಆರಿಸಿದ್ದ 31ರಲ್ಲೂ ಸಾಧಾರಣದವು ಬೇಕಾದಷ್ಟಿದ್ದವು. 87ನೇ ಸಾಲಿನ ಹುಡುಗನ ಕಾಲೇಜಿನ ಹೆಸರು ನಾನು ಕೇಳಿಯೇ ಇರಲಿಲ್ಲ. ಅವನು ನಮ್ಮದೇ ಆ್ಯಪ್ ಬಳಸಿ, ಅದರಲ್ಲಿ ಎಲ್ಲೆಲ್ಲಿ ತಪ್ಪಿದೆ, ಹೇಗೆ ಸರಿಮಾಡಬಹುದು ಅಂತ ಎರಡು ಪುಟ ಬರೆದು ಲಗತ್ತಿಸಿದ್ದ. ಅದರಲ್ಲಿ ಒಂದು ತಪ್ಪನ್ನು ನಾವು ಯಾರೂ ಇಲ್ಲಿಯ ತನಕ ಗಮನಿಸಿರಲಿಲ್ಲ.

ಸೋಮವಾರ 11 ಗಂಟೆಗೆ ಅವನ ಇಂಟರ್ವ್ಯೂ. ಪುಟ್ಟಿಗೆ ಇನ್ನೂ ಹೇಳಿಲ್ಲ.